ನಾನು ಕಲಿತ ಒಂದೇ ಒಂದು ಜಪಾನಿ ಅಕ್ಷರ

ಓದುಗರಿಗೆಲ್ಲ ನಮಸ್ಕಾರ. ನಾನು ಬರಹಗಾರನಲ್ಲ. ಈ ಟೈಪ್ ಮಷೀನು ನಮ್ಮ ಕಾರ್ಖಾನೆಯದು. ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುತ್ತಿದ್ದೇನೆ. ಒಂದು ಸಾಲು ಮುಗಿಯುವ ಹೊತ್ತಿಗೆ ಪಕ್ಕದಲ್ಲಿಟ್ಟ ಕಾಫಿ ಆರಿಹೋಗುತ್ತದೆ. ಎಲ್ಲಾದರೂ ದೀರ್ಘ ಬಿಟ್ಟುಹೋಗಿದ್ದರೆ, ಒತ್ತಕ್ಷರ ಜಾರಿಹೋಗಿದ್ದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ನನ್ನ ಅಕ್ಷರದ ತಪ್ಪಿನಿಂದ ನಿಮಗೆ ಯಾವ ನಷ್ಟವೂ ಆಗುವುದಿಲ್ಲ. ನನಗೆ ಆಯಿತು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ನನ್ನ ಹೆಸರು ಗಂಗಹನುಮಯ್ಯ. ಊರು ಗುಬ್ಬಿ ಕಡೆ. ಬೇರೆಯವರು ಸ್ಲೇಟು ಹಿಡಿಯುವ ವಯಸ್ಸಿನಲ್ಲಿ ನಾನು ಬೆಲ್ಲದ ಮಂಡಿಯಲ್ಲಿ ಇರುವೆ ಓಡಿಸುತ್ತಿದ್ದೆ. ಬೆಂಗಳೂರಿಗೆ ಬಂದು, ಕುರುಬರಹಳ್ಳಿಯಲ್ಲಿ ಒಂದು ರೂಮು ಹಿಡಿದು, ಇಪ್ಪತ್ತನಾಲ್ಕನೇ ವಯಸ್ಸಿಗೆ ಸಂಜೆ ಶಾಲೆ ಸೇರಿ ಅ ಆ ಇ ಈ ಶುರು ಮಾಡಿದೆ. ಮೂವತ್ತಕ್ಕೆ, ಮೂರನೇ ಸಲಕ್ಕೆ, ಎಸ್ಸೆಸ್ಸೆಲ್ಸಿ ಪಾಸು! ಆಮೇಲೆ ನನಗೊಂದು ಕಾಯಿಲೆ ಅಂಟಿಕೊಂಡಿತು. ಕಂಡಿದ್ದೆಲ್ಲ ಓದುವುದು. ಬಸ್ಸಿನ ಹಿಂಭಾಗ, ಔಷಧಿ ಬಾಟಲಿ, ಸೀಮೆಎಣ್ಣೆ ಕ್ಯೂನಲ್ಲಿ ಮುಂದೆ ನಿಂತವರ ಚೀಲ. ಕಡಲೆಕಾಯಿ ಕೊಂಡರೆ ಪೊಟ್ಟಣ ಬಿಚ್ಚಿ ಮೊದಲು ಕಾಗದ ಓದುತ್ತಿದ್ದೆ, ಕಡಲೆಕಾಯಿ ನೆಲಕ್ಕೆ. ನನ್ನ ಹೆಂಡತಿ ಸರೋಜ ನಾಲ್ಕನೇ ಕ್ಲಾಸು. ಅವಳಿಗೆ ಈ ಕಾಯಿಲೆ ಇಲ್ಲ. ಅವಳು ಕಡಲೆಕಾಯಿ ತಿನ್ನುತ್ತಾಳೆ.

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಒಂದು ನೋಟ್‌ಬುಕ್ ಕಾರ್ಖಾನೆ. ಅದರಲ್ಲಿ ನನಗೆ ಹಾಳೆ ಜೋಡಿಸುವ ಕೆಲಸ. ಆರು ವರ್ಷದಿಂದ ಟೆಂಪರರಿ. ಟೆಂಪರರಿ ಅಂದರೆ, ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಯಜಮಾನರ ತಲೆಯನ್ನೇ ನೋಡಬೇಕು. ಮೇಲೆ ಕೆಳಗೆ ಅಲ್ಲಾಡಿದರೆ ಒಳಗೆ. ಅಡ್ಡ ಅಲ್ಲಾಡಿದರೆ ಮನೆಗೆ. ಆರು ವರ್ಷ ಇನ್ನೊಬ್ಬರ ಕತ್ತನ್ನು ನಂಬಿ ಸಂಸಾರ ಮಾಡಿದವನು ನಾನು. ದಿನಾ ಸಂಜೆ ಸರೋಜ ಬಾಗಿಲಲ್ಲೇ ಕೇಳುತ್ತಿದ್ದಳು: "ಖಾಯಂ ಮಾಡಿದ್ರಾ?" ನಾನು ಚಪ್ಪಲಿ ಬಿಡುತ್ತಾ, "ಮಾಡ್ತಾರೆ ಕಣೇ" ಎನ್ನುತ್ತಿದ್ದೆ. ಅವಳು ಆಗಲೇ ಐದು ತಿಂಗಳ ಬಸುರಿ. ಅವಳ ಪ್ರಶ್ನೆಗೆ ದಿನೇ ದಿನೇ ತೂಕ ಹೆಚ್ಚಾಗುತ್ತಿತ್ತು.

ಎಪ್ಪತ್ತಮೂರನೇ ಇಸವಿ, ದಸರೆಗೆ ಒಂದು ತಿಂಗಳಿರುವಾಗ, ಮದ್ರಾಸಿನಿಂದ ಲಾರಿಯಲ್ಲಿ ಒಂದು ಯಂತ್ರ ಬಂತು. ಕಾಗದ ಕತ್ತರಿಸುವ ಕರೆಂಟಿನ ಯಂತ್ರ. ಜಪಾನಿನದು, ಸೆಕೆಂಡ್ ಹ್ಯಾಂಡು. ಕಾಲಿನ ಹತ್ತಿರ ಒಂದು ಪೆಡಲು. ಅದನ್ನು ಮೆಟ್ಟಿದರೆ ಎರಡು ಮೊಳದ ಬ್ಲೇಡು ಇಳಿಯುತ್ತದೆ. ಪಕ್ಕದಲ್ಲಿ ಎರಡು ಗುಂಡಿ. ಗುಂಡಿಗಳ ಮೇಲೆ ಒಂದೊಂದು ಜಪಾನಿ ಅಕ್ಷರ ಕೆತ್ತಿತ್ತು. ಬಣ್ಣದಿಂದಾದರೂ ಗೊತ್ತಾಗುತ್ತಿತ್ತೇನೋ! ಆದರೆ ನಮ್ಮ ಯಜಮಾನರು, ಹಳೆಯದೆಂದು ಕಾಣಬಾರದೆಂದು, ಇಡೀ ಯಂತ್ರಕ್ಕೆ ಗಿಳಿಹಸಿರು ಪೇಂಟು ಹೊಡೆಸಿದರು. ಗುಂಡಿಗಳಿಗೂ ಹೊಡೆಸಿದರು. ಯಂತ್ರ ಪಂಚಾಯ್ತಿ ಆಫೀಸಿನ ಕಿಟಕಿಯ ಹಾಗೆ ಹೊಳೆಯಿತು.

ಯಜಮಾನರು ಚನ್ನಬಸಪ್ಪನವರು, ದಾವಣಗೆರೆ ಕಡೆಯವರು. ಎಲ್ಲರನ್ನೂ ಸುತ್ತ ಸೇರಿಸಿ ಕೇಳಿದರು: "ಇದ್ರಾಗ ಏನ್ ಬರದೈತ್ರಪಾ? ಯಾರಿಗರ ಓದಾಕ್ ಬರ್ತತೇನು?"

ಕೈಮೆಷಿನ್ನಿನಲ್ಲಿ ಇಪ್ಪತ್ತು ವರ್ಷ ಕಾಗದ ಕತ್ತರಿಸಿದ ಮರಿಯಪ್ಪ ಮುಂದೆ ಬಂದ. ಅವನಿಗೆ ತನ್ನ ಹೆಸರು ಬಿಟ್ಟರೆ ಬೇರೆ ಒಂದಕ್ಷರ ಬರೆಯಲು ಬಾರದು, ಓದಲೂ ಬಾರದು. "ಓದಾದೇನೈತೆ ಸಾಮಿ? ಒಂದೊಂದ್ಸಲ ಒತ್ತಿ ನೋಡಿದ್ರಾಯ್ತು. ಒಂದು ಓಡ್ತದೆ, ಇನ್ನೊಂದು ನಿಲ್ತದೆ" ಎಂದ.

"ಏ, ಬ್ಯಾಡ್ ಬ್ಯಾಡ!" ಎಂದರು ಯಜಮಾನರು. "ಆಯುಧ ಪೂಜಿ ದಿವ್ಸ ಮುಹೂರ್ತ ತಗಸೇನಿ. ಅಲ್ಲೀಮಟ ಯಾರೂ ಕೈ ಹಚ್ಚಂಗಿಲ್ಲ. ಅವತ್ತು ಒಂದೇ ಸಲಕ್ಕ ಸುರು ಆಗ್ಬೇಕು. ಯಾರ್ ಓದಿ ಹೇಳ್ತೀರೋ ಅವರ್ನ ಈ ಮೆಷಿನ್ನಿಗೆ ಇನ್‌ಚಾರ್ಜ್ ಮಾಡ್ತೀನಿ. ಖಾಯಂ!"

ಖಾಯಂ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿ ಮೇಲಕ್ಕೆ ಹೋಯಿತು. "ನಾನು ಓದ್ತೀನಿ ಸಾರ್!"

"ನಿನಗ ಜಪಾನಿ ಬರ್ತತೇನು?"

"ಕನ್ನಡ ಬರುತ್ತಲ್ಲ ಸಾರ್. ಅದೂ ಬರುತ್ತೆ."

ಈ ವಾದದಲ್ಲಿ ಏನು ಕೊರತೆ ಇದೆಯೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗಂತೂ ಹೊಳೆಯಲೇ ಇಲ್ಲ.

ಎರಡು ಗುಂಡಿ ಇದ್ದರೂ ನಾನು ಒಂದೇ ಅಕ್ಷರ ಕಲಿಯಲು ನಿರ್ಧರಿಸಿದೆ. ನನ್ನ ಲೆಕ್ಕ ಸುಲಭವಾಗಿತ್ತು. ಎರಡರಲ್ಲಿ ಒಂದರ ಅರ್ಥ ಗೊತ್ತಾದರೆ ಇನ್ನೊಂದು ಅದರ ಉಲ್ಟಾ. ಅರ್ಧ ಶ್ರಮ, ಪೂರ್ತಿ ಜ್ಞಾನ! ಒಂದು ಗುಂಡಿಯ ಅಕ್ಷರ, ಎರಡು ಕಡ್ಡಿ ಒಂದಕ್ಕೊಂದು ಒರಗಿ ನಿಂತ ಹಾಗಿತ್ತು. ಬಡಪಾಯಿ ಅಕ್ಷರ, ಅದನ್ನು ಬಿಟ್ಟೆ. ಇನ್ನೊಂದು ಗತ್ತಾಗಿತ್ತು. ಈ ಟೈಪ್ ಮಷೀನಿನಲ್ಲಿ ಆ ಅಕ್ಷರ ಇಲ್ಲದ್ದರಿಂದ ಬಾಯಲ್ಲೇ ಹೇಳುತ್ತೇನೆ: ಎಡಗಡೆ ಬಾಲ ಸೊಟ್ಟಗಾದ ಕೂಡಿಸುವ ಚಿಹ್ನೆ, ಬಲಗಡೆ ಗಾಳಿಗೆ ಅರ್ಧ ತೆರೆದುಕೊಂಡ ಬಾಗಿಲು. ಗುಂಡಿಯ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದುಕೊಂಡೆ.

ವಿಜಯನಗರದ ಮಾರೇನಹಳ್ಳಿಯಲ್ಲಿ ದೊರೆಸ್ವಾಮಿ ಅಂತ ಒಬ್ಬ ಮಾಜಿ ಹವಾಲ್ದಾರರಿದ್ದರು. ಯುದ್ಧದಲ್ಲಿ ಸಿಂಗಪುರದಲ್ಲಿ ಜಪಾನಿಯರ ಕೈಗೆ ಸಿಕ್ಕಿ ಮೂರು ವರ್ಷ ಸೆರೆಯಲ್ಲಿದ್ದವರು. ಅಲ್ಲಿ ಅಡುಗೆಮನೆಯ ಕಾವಲಿನವನು ಅವರಿಗೆ ಒಂದಷ್ಟು ಅಕ್ಷರ ಹೇಳಿಕೊಟ್ಟಿದ್ದನಂತೆ. ಒಂದು ಭಾನುವಾರ ಒಂದು ಕಟ್ಟು ಬೀಡಿ ತೆಗೆದುಕೊಂಡು ಸೈಕಲ್ ತುಳಿದೆ.

"ಏನು ಕಲೀಬೇಕು?"

"ಜಪಾನಿ ಅಕ್ಷರ ಸಾರ್."

"ಕಾಂಜಿನಾ?"

"ಗಂಜಿ ಅಲ್ಲ ಸಾರ್, ಅಕ್ಷರ."

"ಅಕ್ಷರಕ್ಕೇ ಕಾಂಜಿ ಅಂತಾರೆ ಕಣಯ್ಯ. ಗಂಜಿನೂ ಕೊಡ್ತಿದ್ರು. ಅದ್ರಲ್ಲಿ ಅಕ್ಷರದಷ್ಟು ಅನ್ನಾನೂ ಇರ್ತಿರ್ಲಿಲ್ಲ." ಕಾಗದ ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಬೆರಳ ಸಂದಿಯಲ್ಲಿದ್ದ ಬೀಡಿ ಆರಿತು.

"ಎಡಗಡೆ ಇರೋದು ಅವ್ರ ಏಳು. ಬಲಗಡೆ ಇರೋದು ಕತ್ತಿ. ಎರಡೂ ಸೇರಿದ್ರೆ ಕಡಿ ಅಂತ ಅರ್ಥ."

ನನ್ನ ಮೈ ಜುಮ್ಮೆಂದಿತು. ಕಾಗದ ಕಡಿಯುವ ಯಂತ್ರ. ಗುಂಡಿಯ ಮೇಲೆ ಕಡಿ! ಇನ್ನೇನು ಬೇಕು? ಎದ್ದು ನಿಂತೆ.

"ಕೂತ್ಕೊ. ಓದೋದು ಹೇಗೆ ಅಂತ ಗೊತ್ತಾಗಬೇಡ್ವಾ? ಒಂಟಿಯಾಗಿದ್ರೆ ಕಿರು, ಇಲ್ಲಾ ಕಿರಿ. ಬೇರೆ ಅಕ್ಷರದ ಜೊತೆ ಸೇರ್ಕೊಂಡ್ರೆ ಸೆತ್ಸು. ಎಲ್ಲೋ ಒಂದ್ ಕಡೆ ಸಾಯ್ ಅಂತಾನೂ ಓದ್ತಾರೆ."

"ಸಾಯ್ ಅಂದ್ರೆ ನಮ್ಮಲ್ಲೂ ಅದೇ ಅಲ್ವಾ ಸಾರ್! ಆದ್ರೂ ಒಂದೇ ಅಕ್ಷರಕ್ಕೆ ನಾಲ್ಕು ಹೆಸರು ಯಾಕೆ?"

"ನಿನ್ನ ಮನೇಲಿ ಏನಂತ ಕರೀತಾರೆ?"

"ನಮ್ಮವ್ವ ಹನುಮ ಅಂತಿದ್ಲು. ಹೆಂಡ್ತಿ ಏನೂಂದ್ರೆ ಅಂತಾಳೆ."

"ಕಾರ್ಖಾನೇಲಿ?"

"ಗಂಗಣ್ಣ. ಯಜಮಾನರು ಲೇ ಅಂತಾರೆ."

"ಮನುಷ್ಯ ಒಬ್ನೇ ತಾನೆ? ಯಾರ ಪಕ್ಕ ನಿಂತಿದೀಯ ಅನ್ನೋದ್ರ ಮೇಲೆ ಹೆಸರು. ಅಕ್ಷರಾನೂ ಹಾಗೇನೆ. ಹೆಸರೊಂದೇ ಅಲ್ಲ, ಅರ್ಥಾನೂ ಬದಲಾಗ್ತದೆ. ಹೊಟ್ಟೆ ಪಕ್ಕ ನಿಲ್ಸಿದ್ರೆ ಹರಾಕಿರಿ. ಹೊಟ್ಟೆ ಬಗ್ಕೊಂಡು ಸಾಯೋದು. ಅದ್ರಲ್ಲಿರೋ ಕಿರಿ ಇದೇ." ಅಂಗಿಯ ಮೇಲೆ ಅಡ್ಡಲಾಗಿ ಒಂದು ಬೆರಳು ಎಳೆದು ತೋರಿಸಿದರು. "ಅದೇ ಅಕ್ಷರದ ಪಕ್ಕ ಕೈ ಬರೆದ್ರೆ ಕಿತ್ತೆ."

"ಏನನ್ನ ಕಿತ್ರಿ ಸಾರ್?"

"ನಾನೇನೂ ಕೀಳ್ಲಿಲ್ಲ. ಕಿತ್ತೆ ಅಂದ್ರೆ ಅಂಚೆ ಚೀಟಿ. ಬರೆಯೋದು ಕಡಿ, ಕೈ. ಅರ್ಥ ಅಂಚೆ ಚೀಟಿ. ಮೂರು ವರ್ಷ ಒಂದು ಕಿತ್ತೆ ಕೊಡ್ರಪ್ಪಾ ಅಂತ ಬೇಡ್ಕೊಂಡೆ, ಕೊಡ್ಲಿಲ್ಲ. ಕಾಗದ ಬರ್ಲಿಲ್ಲ ಅಂತ ಇಲ್ಲಿ ನಮ್ಮವ್ವ ನನ್ನ ತಿಥಿ ಮಾಡಿ ಮುಗಿಸಿದ್ಲು. ನಾನು ವಾಪಸ್ ಬಂದಾಗ ದೆವ್ವ ಅಂತ ಎಂಟು ದಿನ ಹಟ್ಟಿ ಒಳಗೆ ಸೇರಿಸ್ಲಿಲ್ಲ." ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಆರಿದ ಬೀಡಿಯನ್ನು ಮತ್ತೆ ಹೊತ್ತಿಸಿಕೊಂಡರು.

ನಾಲ್ಕು ಭಾನುವಾರ ಹೋದೆ. ಗೆರೆಗಳನ್ನು ಯಾವ ಕ್ರಮದಲ್ಲಿ ಎಳೆಯಬೇಕೆಂದು ಕಲಿತೆ. ದೊಡ್ಡದು ಎಂಬ ಅಕ್ಷರ ಮುಂದೆ ಬಂದರೆ ತೈಸೆತ್ಸು, ಅಂದರೆ ಜೋಪಾನ ಮಾಡಬೇಕಾದ ಅಮೂಲ್ಯ ವಸ್ತು ಎಂದು ಕಲಿತೆ. ಕೊನೆಯ ದಿನ ಹವಾಲ್ದಾರರು ಕೇಳಿದರು: "ನಿನ್ನ ಮೆಷಿನ್ನಲ್ಲಿ ಇದ್ರ ಪಕ್ಕ ಏನಿದೆ?"

"ಇನ್ನೊಂದು ಗುಂಡಿ ಸಾರ್. ಅದ್ರ ಮೇಲೊಂದು ಅಕ್ಷರ."

"ಅದನ್ನೂ ತಂದು ತೋರ್ಸಯ್ಯ. ಪಕ್ಕದ್ದು ನೋಡ್ದೆ ಅರ್ಥ ಹೇಳ್ಬಾರ್ದು."

"ಅದು ಬೇಡಿ ಸಾರ್. ಇದು ಕಡಿ ಅಂದ್ಮೇಲೆ ಅದು ಕಡೀಬೇಡ ಅಂತಾನೇ ಇರ್ಬೇಕು. ನಿಮಗ್ಯಾಕೆ ಸುಮ್ನೆ ತೊಂದ್ರೆ."

ಎಂಥ ಶಿಷ್ಯ ನೋಡಿ! ಗುರುವಿಗೆ ತೊಂದರೆ ಕೊಡಲಿಲ್ಲ.

ಈ ನಾಲ್ಕು ವಾರ ಮನೆಯಲ್ಲಿ ಆದದ್ದನ್ನೂ ಸಂಕ್ಷಿಪ್ತವಾಗಿ ನಿವೇದಿಸುತ್ತೇನೆ. ತೈಸೆತ್ಸು ಕಲಿತ ಸಂಜೆ, ಹೆಂಡತಿಯನ್ನು ಸಂತೋಷಪಡಿಸೋಣವೆಂದು, "ಸರೋಜ, ನೀನು ನನ್ನ ತೈಸೆತ್ಸು" ಎಂದೆ.

"ಹಂಗಂದ್ರೆ?"

"ದೊಡ್ಡ ಕಡಿತ."

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ನಾನೇನು ಸೊಳ್ಳೆನಾ, ತಿಗಣೆನಾ? ಹೊಟ್ಟೇಲಿ ಮಗು ಇಟ್ಕೊಂಡು ಬೆಳಗಿಂದ ನಿಂತಿದೀನಿ, ಕಡಿತ ಅಂತೆ ಕಡಿತ!" ಅಮೂಲ್ಯ ಎಂಬ ಅರ್ಥಕ್ಕೆ ನಾನು ತಲುಪುವ ಮೊದಲೇ ಅವಳು ನನ್ನ ರೊಟ್ಟಿಯನ್ನು ಒಲೆಯ ಮೇಲೆ ಕರಕಲು ಮಾಡಿಯಾಗಿತ್ತು.

ಇನ್ನೊಂದು ದಿನ ಬೆಳಿಗ್ಗೆ, ಅಭ್ಯಾಸಕ್ಕೆಂದು, ಸೀಮೆಸುಣ್ಣದಲ್ಲಿ ಬಾಗಿಲ ಮುಂದಿನ ಕಲ್ಲುಚಪ್ಪಡಿಯ ತುಂಬ ಆ ಅಕ್ಷರವನ್ನು ನೂರೆಂಟು ಸಲ ಬರೆದು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಬೀದಿಯಲ್ಲಿ ಜನ. ಮೆಣಸಿನಕಾಯಿ ಹೊಗೆಗೆ ಎಲ್ಲರೂ ಕೆಮ್ಮುತ್ತಿದ್ದರು. ಮನೆಯ ಓನರ್ ಮುನಿಯಮ್ಮನವರು ಒಡೆದ ಬೂದುಗುಂಬಳಕಾಯಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಯಾವನೋ ಹಾಳಾದೋನು ಮಾಟ ಮಾಡವ್ನೆ ಕಣಪ್ಪಾ ಗಂಗಣ್ಣ! ಬಸುರಿ ಹೆಂಗ್ಸು ದಾಟೋ ಬಾಗ್ಲಲ್ಲಿ! ನೋಡು, ಎಲ್ಲಾ ಕತ್ತಿ ಕತ್ತಿ ಇದ್ದಂಗವೆ!"

"ಅದು ಮಾಟ ಅಲ್ಲಮ್ಮ" ಎಂದೆ ಸಣ್ಣ ದನಿಯಲ್ಲಿ. "ಪಾಠ."

ಮುನಿಯಮ್ಮ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ಅಂತೂ ಬರೆದೋನು ನೀನೇ ಅನ್ನು" ಎಂದರು. ಕುಂಬಳಕಾಯಿ ಚೂರುಗಳನ್ನು ನನ್ನ ಕೈಯಲ್ಲೇ ಎತ್ತಿಸಿದರು.

ಇಷ್ಟಾದರೂ ನನ್ನ ಆತ್ಮವಿಶ್ವಾಸ ಅಲುಗಲಿಲ್ಲ. ಪೂಜೆಯ ಹಿಂದಿನ ದಿನ, ದಪ್ಪ ರಟ್ಟಿನ ಎರಡು ಚೀಟಿ ಕತ್ತರಿಸಿ, ಗುಂಡಾದ ಅಕ್ಷರದಲ್ಲಿ ಒಂದರ ಮೇಲೆ ಕತ್ತರಿಸು, ಇನ್ನೊಂದರ ಮೇಲೆ ನಿಲ್ಲಿಸು ಎಂದು ಬರೆದೆ. ಗತ್ತಿನ ಅಕ್ಷರದ ಕೆಳಗೆ ಕತ್ತರಿಸು. ಬಡಪಾಯಿ ಅಕ್ಷರದ ಕೆಳಗೆ ನಿಲ್ಲಿಸು. ಗೋಂದು ಹಾಕಿ ಅಂಟಿಸಿದೆ. ಒಂದು ತಪ್ಪಕ್ಷರ ಇರಲಿಲ್ಲ. ಯಜಮಾನರು ಕನ್ನಡಕ ಹಾಕಿಕೊಂಡು ಓದಿ, "ಬೇಷ್" ಎಂದರು. ಮರಿಯಪ್ಪ ನನ್ನ ಹತ್ತಿರ ಬಂದು, "ಯಾವುದು ಯಾವುದು ಹೇಳಪ್ಪ" ಎಂದ. ನಾನು ತೋರಿಸಿದೆ. ಅವನು ಬೆರಳಿಟ್ಟು ಎರಡು ಸಲ ಒಪ್ಪಿಸಿದ: "ಇದು ಕಡೀತದೆ. ಇದು ನಿಲ್ತದೆ. ಸರಿ. ನೀನು ಹೇಳಿದ್ ಮ್ಯಾಕೆ ಮುಗೀತು."

ಆಯುಧ ಪೂಜೆಯ ದಿನ. ಬೆಳಿಗ್ಗೆಯೇ ಎಲೆಕ್ಟ್ರಿಷಿಯನ್ ಬಂದು ಯಂತ್ರಕ್ಕೆ ಕರೆಂಟ್ ಕೊಟ್ಟು ಹೋಗಿದ್ದ. ಕಾರ್ಖಾನೆಯ ಬೇರೆ ಯಂತ್ರಗಳೆಲ್ಲ ವಿಭೂತಿ, ಕುಂಕುಮ ಬಳಿದುಕೊಂಡು ಬಾಯಿ ಮುಚ್ಚಿ ನಿಂತಿದ್ದವು. ಆರತಿ ಆರಿಹೋಗಬಾರದೆಂದು ಫ್ಯಾನು ನಿಲ್ಲಿಸಿದ್ದರು. ಪೂಜೆ ಮುಗಿಯಿತು. ಬ್ಲೇಡಿನ ಕೆಳಗೆ ಒಂದು ನಿಂಬೆಹಣ್ಣು ಇಟ್ಟರು. ಮೊದಲ ಏಟು ನಿಂಬೆಹಣ್ಣಿಗೆ, ಆಮೇಲೆ ಕಾಗದಕ್ಕೆ ಎಂದು ಶಾಸ್ತ್ರ. ಯಜಮಾನರ ಹೆಂಡತಿ ಸೆಕೆಯೆಂದು ಫ್ಯಾನಿನ ಸ್ವಿಚ್ ಹಾಕಿದರು. ಫ್ಯಾನು ತಿರುಗಲಿಲ್ಲ. ಆ ಫ್ಯಾನು ಸ್ವಿಚ್ ಹಾಕಿದ ತಕ್ಷಣ ಯಾವತ್ತೂ ತಿರುಗಿದ್ದಿಲ್ಲ, ಮನಸ್ಸು ಬಂದಾಗ ತಿರುಗುತ್ತದೆ. ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕರೆಂಟು ಹೋಗಿತ್ತು! ಹಾಡುಹಗಲು, ಯಂತ್ರಗಳೆಲ್ಲ ಬಂದ್. ಹೋಗಿದೆಯೆಂದು ಒಬ್ಬರಿಗೂ ಗೊತ್ತಿಲ್ಲ.

"ನಡಿಯಪಾ ಇನ್‌ಚಾರ್ಜು!" ಎಂದರು ಯಜಮಾನರು.

ನಾನು ಪೆಡಲಿನ ಮೇಲೆ ಬಲಗಾಲಿಟ್ಟು, ಕತ್ತರಿಸು ಗುಂಡಿಯನ್ನು ಗಂಭೀರವಾಗಿ ಒತ್ತಿದೆ. ಏನೂ ಆಗಲಿಲ್ಲ. ಪೆಡಲು ಮೆಟ್ಟಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಮೆಟ್ಟಿದೆ, ಕುಣಿದೆ. ನನ್ನ ಕುಣಿತಕ್ಕೆ ನಿಂಬೆಹಣ್ಣು ಉರುಳಿ ಮೂಲೆಗೆ ಹೋಯಿತು. ಹಿಂದಿನಿಂದ ಯಾರೋ ನಕ್ಕರು. ನನ್ನ ಖಾಯಂ ಕಣ್ಣ ಮುಂದೆಯೇ ಕರಗುತ್ತಿರುವ ಹಾಗೆ ಕಂಡಿತು.

ಮರಿಯಪ್ಪ ಮುಂದೆ ಬಂದ. "ತಡಿ, ನಿಂಬೆಹಣ್ಣು ಸರ್ಯಾಗಿಡ್ತೀನಿ. ನಿಲ್ಸಿದೀಯ ತಾನೆ?"

"ನಿಲ್ಸಿದೀನಿ" ಎಂದು ನಿಲ್ಲಿಸು ಗುಂಡಿಯನ್ನು ಒತ್ತಿದೆ. ಟಕ್ ಎಂದು ಒಳಗೆ ಹೋಗಿ ಕೂತಿತು. ಎಷ್ಟು ಭದ್ರವಾಗಿ ಕೂತಿತೆಂದರೆ ನನಗೇ ಹೆಮ್ಮೆಯಾಯಿತು. ಮರಿಯಪ್ಪ ಅಂಗಿಯ ತೋಳು ಮಡಚಿ ಕೈ ನೀಡಿದ.

ಆಗ ನನಗೆ ಜಂಬ ಬಂತು. ಇನ್‌ಚಾರ್ಜ್ ನಾನು! ನನ್ನ ಯಂತ್ರದೊಳಗೆ ಓದಲು ಬಾರದವನ ಕೈಯೇ? "ನೀನು ಆಚೆ ಸರಿ, ಮರಿಯಪ್ಪಣ್ಣ, ನನಗೆ ಗೊತ್ತು" ಎಂದು ಅವನನ್ನು ಪಕ್ಕಕ್ಕೆ ದಬ್ಬಿ, ನಾನೇ ಬಗ್ಗಿ ಬಲಗೈ ಒಳಗೆ ಹಾಕಿದೆ. ಬಲಗಾಲು ಪೆಡಲಿನ ಮೇಲೆಯೇ ಇತ್ತು. ಬಗ್ಗಿದ ಮೈಯ ಭಾರವೆಲ್ಲ ಅದರ ಮೇಲೆ.

ತಲೆಯ ಮೇಲೆ ಫ್ಯಾನು ಮೆಲ್ಲಗೆ ತಿರುಗತೊಡಗಿತು. ಆಹಾ, ತಂಪಾಯಿತು ಎಂದುಕೊಂಡೆ.

ಅವತ್ತು ನನಗೆ ಬಂದ ಕೊನೆಯ ಒಳ್ಳೆಯ ಯೋಚನೆ ಅದು.

ಯಂತ್ರ ಬಹಳ ಒಳ್ಳೆಯ ಯಂತ್ರ. ಒಂದೇ ಏಟಿಗೆ ಕತ್ತರಿಸಿತು. ನಿಂಬೆಹಣ್ಣು ಎರಡು ಹೋಳು. ನನ್ನ ಬಲಗೈಯ ಕಿರುಬೆರಳು ಬುಡದಿಂದ, ಉಂಗುರದ ಬೆರಳು ಅರ್ಧಕ್ಕೆ. ಕಿರು ಅಂದರೆ ಕಡಿ ಎಂದು ನಾಲ್ಕು ಭಾನುವಾರ ಬಾಯಿಪಾಠ ಮಾಡಿದವನಿಗೆ ಅದು ಯಾವ ಬೆರಳನ್ನು ಕೇಳುತ್ತದೆಂದು ಅಂದಾಜಾದರೂ ಇರಬೇಕಿತ್ತು. ಮೊದಲು ನೋವಾಗಲಿಲ್ಲ. ನಿಂಬೆಹುಳಿ ತಾಗಿದ ಮೇಲೆ ಆಯಿತು. ನಾನು ಕೂಗಿದ್ದು ಕನ್ನಡದಲ್ಲೋ ಜಪಾನಿಯಲ್ಲೋ ನೆನಪಿಲ್ಲ. ಯಂತ್ರವನ್ನು ನಿಲ್ಲಿಸಿದವನು ಮರಿಯಪ್ಪ. ಓಡುತ್ತಿರುವಾಗ ಒಳಗೆ ಕೂತಿರುವ ಗುಂಡಿ ಯಾವುದೆಂದು ನೋಡಿದ. ಅದರ ಪಕ್ಕದ್ದನ್ನು ಒತ್ತಿದ. ನಿಂತಿತು. ಓದು ಬೇಕಾಗಲಿಲ್ಲ.

ಆಸ್ಪತ್ರೆ. ಸರೋಜ ಬಂದು ಮಂಚದ ಪಕ್ಕ ಕೂತಳು. ಅಳಲಿಲ್ಲ. ನನ್ನ ಕೈ ಹೂಕೋಸಿನಷ್ಟು ದಪ್ಪ ಬ್ಯಾಂಡೇಜಿನೊಳಗಿತ್ತು. ನಾನು ಕೂಲಂಕಷವಾಗಿ ವಿವರಿಸಿದೆ: ಅಕ್ಷರದ ಅರ್ಥ ಕಡಿ ಎಂದೇ ಇದೆ, ಹವಾಲ್ದಾರರು ಸುಳ್ಳು ಹೇಳುವವರಲ್ಲ, ಯಂತ್ರದ್ದೇ ಏನೋ ದೋಷ.

ಅಷ್ಟರಲ್ಲಿ ವಾರ್ಡಿನ ದೀಪ ಆರಿತು. ಸಂಜೆಗತ್ತಲು.

"ಥೂ, ಕರೆಂಟ್ ಕಟ್" ಎಂದಳು ಸರೋಜ. ಆಮೇಲೆ ಮೆಲ್ಲಗೆ, "ಏನೂಂದ್ರೆ" ಎಂದಳು.

"ಏನು?"

"ಕಡಿ ಅಂದ್ರೆ ಕಟ್ ತಾನೆ?"

"ಹೂಂ."

"ಕಾಗ್ದ ಕಟ್ ಅಂತ ಯಾಕನ್ಕೊಂಡ್ರಿ? ಕರೆಂಟ್ ಕಟ್ ಅಂತಿರ್ಬೋದಲ್ವಾ?"

ನಾನು ಕತ್ತಲೆಯಲ್ಲಿ ಮಲಗಿ ಆ ಮಾತನ್ನು ಕೇಳಿದೆ. ದಿನಕ್ಕೆ ಎರಡು ಸಲ ಇಡೀ ಕುರುಬರಹಳ್ಳಿ ಒಟ್ಟಾಗಿ ಕೂಗುವ ಮಾತು. ನಾನೂ ಕೂಗುತ್ತಿದ್ದ ಮಾತು. ಕಡಿ ಎಂಬ ಗುಂಡಿ ಕರೆಂಟನ್ನು ಕಡಿಯುವುದಕ್ಕೆ. ಅಂದರೆ ನಿಲ್ಲಿಸುವುದಕ್ಕೆ! ನಾಲ್ಕನೇ ಕ್ಲಾಸು ಓದಿದ ನನ್ನ ಹೆಂಡತಿ, ಆ ಅಕ್ಷರವನ್ನು ಮೆಣಸಿನಕಾಯಿ ಹೊಗೆಯಲ್ಲಿ ಒಂದೇ ಸಲ ನೋಡಿದವಳು, ಅದರ ಅರ್ಥ ಹೇಳಿದಳು.

ಮಾರನೆಯ ದಿನ ಹವಾಲ್ದಾರರು ಬಂದರು. ಸರೋಜ ಇನ್ನೊಂದು ಗುಂಡಿಯ ಅಕ್ಷರ ಹೇಗಿತ್ತೆಂದು ನನ್ನಿಂದ ಹೇಳಿಸಿದಳು. ಎರಡು ಕಡ್ಡಿ, ಒಂದಕ್ಕೊಂದು ಒರಗಿಕೊಂಡಿದ್ದವು ಎಂದೆ. ಅವರು ಹಣೆ ಹಿಡಿದುಕೊಂಡರು.

"ಅದು ಒಳಗೆ ಬಾ ಅಂತ ಕಣಯ್ಯ. ಕರೆಂಟ್ ಒಳಗೆ ಬಾ! ನಾನು ಕತ್ತಿ ನೋಡಿದ್ದೆ, ಸ್ವಿಚ್ಚು ನೋಡಿರ್ಲಿಲ್ಲ. ನಮಗೆ ಅಲ್ಲಿ ಕರೆಂಟೆಲ್ಲಿತ್ತು?" ಮಂಚದ ಪಕ್ಕ ಕೂತು, "ಪಕ್ಕದ್ದು ತಂದು ತೋರ್ಸು ಅಂದಿದ್ದೆ" ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ತಂದಿದ್ದ ಮೋಸಂಬಿಯನ್ನು ಅವರೇ ಸುಲಿದು, ಅವರೇ ತಿಂದು ಹೋದರು.

ನಾಲ್ಕನೆಯ ದಿನ ಯಜಮಾನರು, ಅವರ ಹಿಂದೆ ಆಫೀಸಿನ ಗುಮಾಸ್ತ, ಅವನ ಹಿಂದೆ ಮರಿಯಪ್ಪ. ಯಜಮಾನರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನಾಳೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾನಂತ. ಟೆಂಪರರಿಯವನ್ನ ಕಟಿಂಗ್ ಮೆಷಿನ್ನಿಗೆ ಯಾಕ ನಿಲ್ಸಿದ್ರಿ ಅಂತ ಕೇಳ್ತಾನ. ಅದಕ್ಕ ನಿನ್ನ ಖಾಯಂ ಮಾಡೇನಿ. ಆದ್ರ ಹಾಳೆ ಜೋಡ್ಸೋದಕ್ಕ. ಮೆಷಿನ್ ಮರಿಯಪ್ಪ ನೋಡ್ಕೊಂತಾನ."

ಆರು ವರ್ಷ ಗೇಟಿನಲ್ಲಿ ನಿಂತರೂ ಆಗದ ಕೆಲಸ ಒಂದೂವರೆ ಬೆರಳಿನಲ್ಲಿ ಆಯಿತು! ಸರೋಜ ಕಣ್ಣೊರೆಸಿಕೊಂಡಳು. ಮೊದಲ ಸಲ ಅತ್ತದ್ದು ಅವಳು ಆಗ.

ಮರಿಯಪ್ಪ ನನ್ನ ಬ್ಯಾಂಡೇಜನ್ನೇ ನೋಡುತ್ತಿದ್ದ. "ನಿನ್ ಚೀಟಿ ನಂಬ್ಕಂಡು ನಾನೇ ಕೈ ಇಡ್ತಿದ್ನಲ್ಲೋ" ಎಂದ. ಅವನ ಹತ್ತು ಬೆರಳೂ ಅವನ ಎದೆಯ ಮೇಲೆ ಮಡಚಿಕೊಂಡಿದ್ದವು. ಆ ದಿನ ನನಗೆ ಜಂಬ ಬರದೆ ಒಂದು ಕ್ಷಣ ವಿನಯ ಬಂದಿದ್ದರೆ, ಇವತ್ತು ಈ ಲೇಖನವನ್ನು ಹಾಸ್ಯವಾಗಿ ಬರೆಯಲು ನನಗೆ ಮುಖ ಇರುತ್ತಿರಲಿಲ್ಲ. "ಈಗ ಎರಡು ಚೀಟಿನೂ ಕಿತ್ತು ಅದಲು ಬದಲು ಅಂಟ್ಸಿದೀನಿ" ಎಂದ ಅವನು. "ಒತ್ತಿ ನೋಡ್ಬುಟ್ಟೇ ಅಂಟ್ಸಿದ್ದು."

ಗುಮಾಸ್ತ ಖಾಯಂ ಕಾಗದ ಮಂಚದ ಮೇಲೆ ಹರಡಿ, "ಸಹಿ ಹಾಕಿ" ಎಂದು ಪೆನ್ನು ಕೊಟ್ಟ. ಬ್ಯಾಂಡೇಜಿನ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ. ಎಡಗೈಯಲ್ಲಿ ಎಳೆದೆ, ಬಂದದ್ದು ಯಾವ ಭಾಷೆಯ ಅಕ್ಷರವೋ ಗೊತ್ತಾಗಲಿಲ್ಲ. ಗುಮಾಸ್ತ ನಿಟ್ಟುಸಿರು ಬಿಟ್ಟು, ಚೀಲದಿಂದ ಬೇರೆ ಫಾರಂ ತೆಗೆದ, ಶಾಯಿಡಬ್ಬಿ ತೆಗೆದ. ನನ್ನ ಎಡಗೈ ಹೆಬ್ಬೆಟ್ಟನ್ನು ಹಿಡಿದು ಮಸಿಗೆ ಅದ್ದಿ ಒತ್ತಿಸಿಕೊಂಡ.

ಹೆಬ್ಬೆಟ್ಟಿನ ಕೆಳಗೆ ಅಚ್ಚಿನಲ್ಲಿ ಒಂದು ಸಾಲಿತ್ತು. ನನ್ನ ಕಾಯಿಲೆ ಗೊತ್ತಲ್ಲ, ಓದಿಬಿಟ್ಟೆ: "ಮೇಲ್ಕಂಡ ಸಂಗತಿಗಳನ್ನು ಸದರಿ ನಿರಕ್ಷರಸ್ಥರಿಗೆ ಓದಿ ಹೇಳಿ, ಅರ್ಥ ಮಾಡಿಸಿ, ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ. ಓದಿ ಹೇಳಿದವರ ಸಹಿ."

"ನಾನು ಎಸ್ಸೆಸ್ಸೆಲ್ಸಿ!" ಎಂದೆ.

"ಇರ್ಬೋದು. ಈ ಫಾರಮ್ಮಿಗೆ ಇದೇ ರೂಲು" ಎಂದು ಗುಮಾಸ್ತ ಸುತ್ತ ನೋಡಿದ. "ನಾನೂ ಯಜಮಾನರೂ ಹಾಕಂಗಿಲ್ಲ, ನಿಮ್ಮ ಮನೆಯವರೂ ಹಾಕಂಗಿಲ್ಲ. ಬೇರೆ ಯಾರಾದ್ರೂ ಸಹಿ ಹಾಕ್ಬೇಕು. ಮರಿಯಪ್ಪ, ನಿಂಗೆ ಸಹಿ ಬರುತ್ತಲ್ವಾ?"

ಮರಿಯಪ್ಪ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ, ತನಗೆ ಬರುವ ಅಷ್ಟೂ ಅಕ್ಷರಗಳನ್ನು ಬರೆದ. ಬರೆದು ಮುಗಿಸಿ ನನ್ನನ್ನು ಕೇಳಿದ: "ಇದ್ರಲ್ಲಿ ಏನಂತ ಬರದೈತಪ್ಪಾ?"

"ನೀನು ಓದಿದ್ದು ನನಗೆ ಅರ್ಥವಾಯ್ತು ಅಂತ" ಎಂದೆ.

"ಸರ್ಯಾಗೈತೆ" ಎಂದ ಮರಿಯಪ್ಪ.

ಓದುಗರೇ, ನೀವೂ ಯಾವುದಾದರೂ ಅಕ್ಷರವನ್ನೋ ಗುಂಡಿಯನ್ನೋ ನಂಬಿ ಏನಾದರೂ ಕಳೆದುಕೊಂಡಿದ್ದರೆ, ನಾಚಿಕೆಪಡದೆ ಬರೆದು ತಿಳಿಸಿ. ಪೋಸ್ಟ್ ಕಾರ್ಡಾದರೂ ಸಾಕು. ಖಂಡಿತ ಓದುತ್ತೇನೆ. ಅರ್ಥವನ್ನು ಮಾತ್ರ ಸರೋಜನ ಹತ್ತಿರ ಕೇಳಿಕೊಳ್ಳುತ್ತೇನೆ.